ಕೂತಾಗ ಕರೀಬೇಡಿ

ನಾನು ಭಕ್ತಿಯಿಂದ ಕೂತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಟಕ್ಕೆ ಕೂತೆ. ಭಕ್ತಿ ಆಮೇಲೆ ಬಂತೋ ಇಲ್ಲವೋ ಇವತ್ತಿಗೂ ಸರಿಯಾಗಿ ಹೇಳಲಾರೆ.

ಎಪ್ಪತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ದಾವಣಗೆರೆಯಿಂದ ಬೆಂಗಳೂರಿನ ವಿಜಯನಗರಕ್ಕೆ ಬಂದವಳು ನಾನು. ಪಿಯುಸಿ ಅರ್ಧಕ್ಕೇ ಬಿಟ್ಟಿದ್ದೆ. ಒಳ್ಳೇ ಸಂಬಂಧ, ಹುಡುಗ ಆಫೀಸಿನಲ್ಲಿದ್ದಾನೆ, ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತೆ ಅಂತ ಅಪ್ಪ ಅಂದಿದ್ದರು. ಪರೀಕ್ಷೆ ಓಡಿಹೋಗಲಿಲ್ಲ, ಓಡಿಸಿದ್ದು ನನ್ನನ್ನ. ಮನೆಯಲ್ಲಿ ಮಾವ, ಅತ್ತೆ, ನಮ್ಮನೆಯವರು, ನಾನು. ಮಾವನಿಗೆ ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಮನೆ ಹಿಂದೆ ಆಗಿನ್ನೂ ಬರೀ ಖಾಲಿ ಸೈಟು, ಅದರಾಚೆ ರಾಗಿ ಹೊಲ.

ಬೆಳಕು ಹರಿಯೋ ಮುಂಚೆ ಬೀದಿ ನಲ್ಲಿಗೆ ನೀರು ಬರೋದು. ಆಗಿನಿಂದ ರಾತ್ರಿ ಪಾತ್ರೆ ತೊಳೆದು ಕವುಚಿ ಹಾಕೋ ತನಕ ಆ ಮನೆಯಲ್ಲಿ ನನ್ನ ಹೆಸರು ಕೂಗದ ಗಳಿಗೆ ಇರಲಿಲ್ಲ. ನೀರು, ಕಾಫಿ, ಟವೆಲ್ಲು, ಊಟದ ಡಬ್ಬಿ, ಮಾವನ ಕನ್ನಡಕ. ಕನ್ನಡಕ ಅವರ ಹಣೆ ಮೇಲೇ ಇರುತ್ತಿತ್ತು. ಅದನ್ನ ನಾನು ಬಂದು ಹೇಳಬೇಕು.

ಕೂಗಬಾರದ ಹೊತ್ತು ಅಂತ ಒಂದೇ ಇತ್ತು, ಪೂಜೆ ಹೊತ್ತು. ನಮ್ಮವರಲ್ಲಿ ಗಂಡಸಾಗಲಿ ಹೆಂಗಸಾಗಲಿ ಪ್ರತಿಯೊಬ್ಬರ ಕೊರಳಲ್ಲೂ ಅವರವರದೇ ಲಿಂಗ, ಪುಟ್ಟ ಬೆಳ್ಳಿ ಕರಡಿಗೆಯೊಳಗೆ. ಸ್ನಾನ ಮಾಡಿ, ಅದನ್ನ ಎಡ ಅಂಗೈ ಮೇಲಿಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ಒಂದು ತೊಟ್ಟು ನೀರೂ ಹಾಕೋ ಹಾಗಿಲ್ಲ. ಲಿಂಗ ಅಂಗೈ ಮೇಲಿದ್ದವರನ್ನ ಯಾರೂ ಮಾತಾಡಿಸೋ ಹಾಗೂ ಇಲ್ಲ. ಮಾವ ಆರಾಮಾಗಿ ಅರ್ಧ ಗಂಟೆ ಕೂರೋರು. ಅವರು ಕೂತರೆ ನಾವು ಒಂದು ಲೋಟ ಇಡೋದಕ್ಕೂ ಉಸಿರು ಬಿಗಿಹಿಡಿಯಬೇಕು. ಅತ್ತೆಯದು ಒಲೆ ಪಕ್ಕ ನಿಂತಲ್ಲೇ ಮುಗಿಯೋದು. ಕರಡಿಗೆ ಬಿಚ್ಚಿ, ವಿಭೂತಿ ಹಚ್ಚಿ, ಒಂದು ಹೂವು ಏರಿಸಿ, ಕಣ್ಣಿಗೊತ್ತಿಕೊಂಡು ಮತ್ತೆ ರೊಟ್ಟಿ ಹಿಟ್ಟಿಗೆ ಕೈ ಹಾಕೋರು. ನಾನೂ ಹಾಗೇ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಕೂತವಳಿಗೆ ಏಳೋಕೆ ಮನಸ್ಸೇ ಬರಲಿಲ್ಲ. ನಾನು ಕೂರುತ್ತಿದ್ದದ್ದು ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ, ಅಕ್ಕಿ ಮೂಟೆ ಮಗ್ಗುಲಲ್ಲಿ. ಅದಕ್ಕೆ ಬಾಗಿಲಿಲ್ಲ, ಹಳೇ ಸೀರೆಯ ಪರದೆ. ಆಚೆ ಅತ್ತೆ ಓಡಾಡುತ್ತಿದ್ದಾರೆ, ಒಳಗೆ ಬರಲ್ಲ. ಕರೆಯಲ್ಲ. ಕರೆಯೋ ಹಾಗಿಲ್ಲ. ಅಯ್ಯೋ ಶಿವನೇ, ಇಷ್ಟು ಸುಲಭಾನಾ ಅನ್ನಿಸಿತು. ಮಾರನೇ ದಿನ ಬೇಕಂತಲೇ ಇನ್ನೊಂದಿಷ್ಟು ಹೊತ್ತು ಕೂತೆ. ಹೀಗೇ ಹಿಗ್ಗಿಸುತ್ತಾ ಹೋಗಿ, ಮಾವನಷ್ಟೇ ಹೊತ್ತು ಕೂರೋ ಹಾಗಾದೆ.

ಅತ್ತೆಗೆ ನನ್ನನ್ನ ಕರೆಯೋಕಾಗಲ್ಲವಲ್ಲ, ಅದಕ್ಕೆ ಸೀಮೆಎಣ್ಣೆ ಸ್ಟೌ ಜೊತೆ ಮಾತಾಡೋಕೆ ಶುರು ಮಾಡಿದರು. ನೋಡಪ್ಪಾ, ಕೆಲವರಿಗೆ ಕೈಲಾಸ ಇಲ್ಲೇ ಇಳಿದುಬಂದಿದೆ, ನಿನಗೂ ನನಗೂ ಉರಿಯೋದೇ ಬರೆದಿರೋದು ಅನ್ನೋರು. ಹಾಲು ಉಕ್ಕುತ್ತಿದೆ ಅಂತ ಸ್ಟೌಗೆ ಹೇಳೋರು. ಒಂದು ದಿನ ನಿಜವಾಗಲೂ ಉಕ್ಕಿತು, ವಾಸನೆ ಉಗ್ರಾಣಕ್ಕೇ ಬಂತು. ನಾನು ಏಳಲಿಲ್ಲ.

ಕೂತು ಏನು ಮಾಡುತ್ತಿದ್ದೆ ಅಂತ ಕೇಳಬಹುದು. ಮೊದಮೊದಲು ಬೇಳೆ, ಬಟ್ಟೆ, ಅತ್ತೆ ಅಂದದ್ದು, ನಾನು ತಿರುಗಿ ಅನ್ನಬೇಕಾಗಿದ್ದದ್ದು, ಇದೇ ಸಂತೆ. ಅಂಗೈ ಮೇಲಿನ ಲಿಂಗದ ಆ ಕಪ್ಪು ಹೊಳಪಿನ ಮೇಲೆ ಕಣ್ಣು ನೆಟ್ಟು ಕೂತೂ ಕೂತೂ ಸಂತೆ ಕರಗಿತು. ಎಲ್ಲ ಹೋದ ಮೇಲೆ ಒಳಗೆ ಒಂದು ಉಳಿಯಿತು, ಅದು ನನಗೆ ಲೆಕ್ಕ ಬರುತ್ತೆ ಅನ್ನೋದು. ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂಚೆ ಬರುತ್ತಿತ್ತು. ನಾನು ಲೆಕ್ಕ ಹೇಳಿಕೊಡೋ ಟೀಚರ್ ಆಗಬೇಕು. ಈ ಆಸೆ ಸತ್ತಿದೆ ಅಂದುಕೊಂಡಿದ್ದೆ. ಸತ್ತಿರಲಿಲ್ಲ, ಮೈಯೆಲ್ಲಾ ಬಿಸಿಯಾಗೋ ಹಾಗೆ ಎದ್ದು ಕೂತಿತ್ತು. ಆ ಬಿಸಿ ಹೊತ್ತುಕೊಂಡೇ ಹೊರಗೆ ಬಂದು ಕೊಡ ಎತ್ತುತ್ತಿದ್ದೆ, ಭಾರವೇ ಗೊತ್ತಾಗುತ್ತಿರಲಿಲ್ಲ.

ನಮ್ಮನೆಯವರಿಗೆ ಹೇಳಿದೆ, ರಾಜಾಜಿನಗರದಲ್ಲಿ ಸಂಜೆ ಟುಟೋರಿಯಲ್ ಇದೆಯಂತೆ, ಪಿಯುಸಿ ಕಟ್ಟುತ್ತೀನಿ ಅಂತ. ನೋಡೋಣ ಅಂದರು. ಅವರು ಯಾವುದಕ್ಕೂ ನೋಡೋಣ ಅನ್ನೋರೇ. ಅತ್ತೆ ಮಾತ್ರ ಕಿವಿಗೆ ಬಿದ್ದ ತಕ್ಷಣ ಬೇರನ್ನೇ ಹಿಡಿದರು. ಕೂತೂ ಕೂತೂ ಇವಳ ತಲೆ ತಿರುಗಿದೆ, ಮೊದಲು ಕೂರೋದನ್ನ ಬಿಡಿಸಬೇಕು ಅಂದರು. ಅದು ನನಗೆ ಚುಚ್ಚಿತು, ಯಾಕೆಂದರೆ ಅವರು ಹೇಳಿದ್ದು ನಿಜ. ಆ ಅರ್ಧ ಗಂಟೆ ಹೋದರೆ ಓದೋ ಆಸೆಯೂ ಬೇಳೆ ಜೊತೆ ಬೆಂದುಹೋಗುತ್ತೆ ಅಂತ ನನಗೂ ಗೊತ್ತಿತ್ತು. ಭಯವಾಯಿತು.

ಶ್ರಾವಣದಲ್ಲಿ ನಮ್ಮ ಅಯ್ಯನವರು ಮನೆಗೆ ಬಂದರು, ಮಾವನ ಕಡೆಯವರಿಗೆಲ್ಲಾ ಗುರುಗಳು. ಪಾದಪೂಜೆ ಮುಗಿದಿತ್ತು, ಹೆಗ್ಗನಹಳ್ಳಿಯಿಂದ ತರಿಸಿದ್ದ ಸೇವಂತಿಗೆ ಇನ್ನೂ ತಟ್ಟೆಯಲ್ಲಿತ್ತು. ಆಗ ಅತ್ತೆ ದೂರು ಹೇಳಿದರು. ಕಾಫಿ ಹೊತ್ತಿಗೆ ಸಿಗಲ್ಲ, ಹಾಲು ಉಕ್ಕಿದರೆ ಏಳಲ್ಲ, ಈಗ ಕಾಲೇಜು ಅಂತಾಳೆ, ನೀವೇ ಬುದ್ಧಿ ಹೇಳಿ ಅಂದರು. ಅಯ್ಯನವರು ಒಳ್ಳೆಯವರೇ. ಮೆತ್ತಗೆ ಹೇಳಿದರು.

"ಹೆಣ್ಣುಮಕ್ಕಳಿಗೆ ಮನೆ ಕೆಲಸಾನೇ ಪೂಜೆ ತಾಯಿ. ನಿಂತು ನಮಸ್ಕಾರ ಮಾಡಿಕೊಂಡರೆ ಸಾಕು."

ಮಾವ ತಲೆ ಆಡಿಸಿದರು. ನಮ್ಮನೆಯವರು ಸೂರು ನೋಡಿದರು. ನಾನು ಕೊರಳಲ್ಲಿದ್ದ ಕರಡಿಗೆ ಹಿಡಿದುಕೊಂಡೆ.

"ಹೆಣ್ಣು ಅಂತ ನನಗೇನು ಅರ್ಧ ಲಿಂಗ ಕಟ್ಟಿದಾರಾ ಬುದ್ಧಿ?"

ಅಯ್ಯನವರು ನನ್ನನ್ನ ನೋಡಿದರು, ಮಾವನನ್ನ ನೋಡಿದರು. ಇಲ್ಲ ತಾಯಿ, ಎಲ್ಲರಿಗೂ ಒಂದೇ ಅಂದರು. ಹಾಗಾದರೆ ಕೂರೋದೂ ಒಂದೇ, ಮಾವ ಕೂರುವಷ್ಟು ನಾನೂ ಕೂರ್ತೀನಿ, ಅವರು ಬಿಟ್ಟ ದಿನ ನಾನೂ ಬಿಡ್ತೀನಿ ಅಂದೆ. ಅಯ್ಯನವರು ಮಜ್ಜಿಗೆ ಕೇಳಿದರು. ಮಜ್ಜಿಗೆ ತರೋಕೆ ಒಳಗೆ ತಿರುಗಿದಾಗ ಅತ್ತೆ ಕಣ್ಣಿಗೆ ಬಿದ್ದರು. ಬಾಗಿಲ ಬಳಿ ನಿಂತಿದ್ದ ಅವರ ಕೈಯೂ ಸೆರಗಿನ ಮೇಲೆ, ಅವರ ಕರಡಿಗೆ ಇದ್ದ ಜಾಗದಲ್ಲಿತ್ತು.

ಆಮೇಲೆ ಮನೆಯಲ್ಲಿ ನನ್ನ ಜೊತೆ ಮಾತಿಲ್ಲ. ಅಯ್ಯನವರ ಮುಂದೆ ಮಾನ ತೆಗೆದೆ ಅಂತ ನಮ್ಮನೆಯವರೂ ಮುಖ ಗಂಟು ಹಾಕಿಕೊಂಡರು. ಹಾಕ್ಕೊಳ್ಳಲಿ ಅಂತ ನಾನು ದಿನಾ ಕೂತೆ. ಸ್ಟೌ ಜೊತೆಗಿನ ಮಾತೂ ನಿಂತುಹೋಗಿತ್ತು.

ಒಂದು ಬೆಳಿಗ್ಗೆ ಪೂಜೆ ಮುಗಿಸಿ ಪರದೆ ಸರಿಸಿದರೆ ಅಡುಗೆಮನೆ ತಣ್ಣಗಿದೆ, ಸ್ಟೌ ಹಚ್ಚಿಲ್ಲ, ಹಿಟ್ಟು ಕಲೆಸಿಲ್ಲ. ನಡುಮನೆ ಕೋಣೆಯೊಳಗೆ ನೋಡಿದೆ. ಅತ್ತೆ ಗೋಡೆ ಕಡೆ ಮುಖ ಮಾಡಿ ಚಾಪೆ ಮೇಲೆ ಕೂತಿದ್ದರು, ಲಿಂಗ ಅಂಗೈ ಮೇಲೆ. ಕೂತು ಅಭ್ಯಾಸವಿಲ್ಲದ ಬೆನ್ನು, ಒಂದು ಕಡೆ ವಾಲಿತ್ತು.

ಹಜಾರದಲ್ಲಿ ಮಾವ ಪೇಪರ್ ಮಡಿಸಿದರು. ಕಾಫಿ ಎಲ್ಲಿ ಅಂತ ಒಂದು ಸಲ ಕೂಗಿದರು, ಆಮೇಲೆ ಎದ್ದು ಕೋಣೆ ಕಡೆಗೇ ಬಂದರು. ಬಾಗಿಲಿಗೆ ಅಡ್ಡ ನಿಂತೆ.

"ಅತ್ತೆ ಕೂತಿದಾರೆ. ಕರೀಬೇಡಿ."

ಮಾವ ನನ್ನ ಭುಜದ ಮೇಲಿಂದ ಒಳಗೆ ನೋಡಿದರು. ಕೆಂಪಗಾದರು. ಆದರೆ ನಿಯಮ ಅವರದೇ, ಅದೇ ನಿಯಮದ ಕೆಳಗೆ ನಮ್ಮನ್ನ ಲೋಟ ಸದ್ದು ಮಾಡದ ಹಾಗೆ ಇಟ್ಟವರು ಅವರೇ. ವಾಪಸ್ ಹೋಗಿ ಕೂತರು. ನಾನೂ ಕಾಫಿ ಮಾಡಲಿಲ್ಲ. ಬೇಕಂತಲೇ ಮಾಡಲಿಲ್ಲ.

ಅತ್ತೆ ತುಂಬಾ ಹೊತ್ತಿನ ಮೇಲೆ ಎದ್ದು ಬಂದು ಸ್ಟೌಗೆ ಪಂಪ್ ಹೊಡೆಯೋಕೆ ಕೂತರು. ಒಂದು ಕೈ ಕೊರಳಿನ ಕರಡಿಗೆ ಮೇಲಿಟ್ಟು, ನನ್ನ ಮುಖ ನೋಡದೆ ಅಂದರು:

"ಲಗ್ನ ಆದಾಗಿನಿಂದ ಇದನ್ನ ಕಣ್ಣಿಟ್ಟು ನೋಡಿರಲಿಲ್ಲ ಕಣೇ."

ಅಲ್ಲಿಂದಾಚೆ ನನಗೆ ಎಲ್ಲ ಸಲೀಸಾಯಿತು ಅಂದುಕೊಳ್ಳಬೇಡಿ. ಟುಟೋರಿಯಲ್ ಮಾತಿಗೆ ಅತ್ತೆ ಕೊನೆತನಕ ಹೂಂ ಅನ್ನಲಿಲ್ಲ, ನಾನೂ ಅವರ ಹೂಂಗೆ ಕಾಯಲಿಲ್ಲ. ನಮ್ಮನೆಯವರು ನೋಡೋಣ ಅನ್ನುತ್ತಿರುವಾಗಲೇ ಹೋಗಿ ಸೇರಿಕೊಂಡೆ. ಮೊದಲನೇ ಸಂಜೆ ಪುಸ್ತಕ ಎತ್ತಿಕೊಂಡು ಚಪ್ಪಲಿ ಮೆಟ್ಟುವಾಗ ಒಳಗಿಂದ ಅತ್ತೆಯ ಮಾತು ಕೇಳಿಸುತ್ತಿತ್ತು. ಸೊಸೆ ಹೊಸಲು ದಾಟಿದ ಮೇಲೆ ಈ ಮನೆ ಗತಿ ಏನಪ್ಪಾ ಅಂತ ಸ್ಟೌಗೆ ಹೇಳುತ್ತಿದ್ದರು. ನಾನು ಬಸ್‌ಸ್ಟಾಪಿನ ತನಕ ಕಿವಿ ಹಿಂದಕ್ಕೇ ಇಟ್ಟುಕೊಂಡು ನಡೆದೆ. ಯಾರೂ ನನ್ನ ಹೆಸರು ಕೂಗಲಿಲ್ಲ.