ಕಡಲೂರಿನ ಬಾರಿನ ಡ್ರೈವರಣ್ಣ

ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ವರ್ಷಗಟ್ಟಲೆ ಬಸ್ಸಿನ ಕಿಟಕಿಗೆ ಮೊಣಕೈ ಊರಿ ಬಿಸಿಲುಂಡ ಕೈ ಅದು. ಸ್ಟೇರಿಂಗ್ ಬಿಟ್ಟು ಎಷ್ಟೋ ಕಾಲವಾದ ಮೇಲೂ, ಬಿಯರ್ ಬಾಟಲಿಯ ಮುಚ್ಚಳ ತೆಗೆಯುವಾಗ ಎರಡು ಕೈಗಳೂ ಬೇರೆ ಬೇರೆ ಮನುಷ್ಯರವು ಅನ್ನಿಸುತ್ತಿತ್ತು. ಗಿರಾಕಿಗಳೆಲ್ಲ ಅವರನ್ನು ಧಣಿ ಎನ್ನುತ್ತಿದ್ದರು. ನನಗೆ ಮಾತ್ರ ಕೊನೆಯವರೆಗೂ ಡ್ರೈವರಣ್ಣ.

ಕೆರೆಕಟ್ಟೆಯವರು. ಕೊಪ್ಪದಿಂದ ಶೃಂಗೇರಿಗೆ ಹೋಗಿ, ಅಲ್ಲಿಂದ ಘಟ್ಟ ಇಳಿಯುವ ಬಸ್ಸು ಓಡಿಸುತ್ತಿದ್ದರು. ನಾನು ಕಾಲೇಜಿಗೆ ಹೋಗುತ್ತಿದ್ದುದು ಅದರಲ್ಲೇ. ನಾವು ಹುಡುಗಿಯರು ಹಾಡಲು ಶುರು ಮಾಡಿದರೆ ಟೇಪು ಆರಿಸುತ್ತಿದ್ದರು. ಬೈಯುತ್ತಾರೇನೋ ಎಂದು ನಾವು ಬಾಯಿ ಮುಚ್ಚಿದರೆ ಕನ್ನಡಿಯಲ್ಲಿ ನೋಡಿ, "ಎಂತ, ಡೀಸೆಲ್ ಮುಗೀತಾ?" ಎನ್ನುವರು.

ಮುಂದೆ ನನಗೆ ಕಡಲ ತೀರದ ಊರೊಂದರ ಆಸ್ಪತ್ರೆಯಲ್ಲಿ ಲ್ಯಾಬಿನ ಕೆಲಸ ಸಿಕ್ಕಿತು. ಮೊದಲ ವಾರವೇ ಗೆಳತಿಯೊಬ್ಬಳು ಮೀನೂಟಕ್ಕೆಂದು ಒಂದು ಹಂಚಿನ ಕಟ್ಟಡಕ್ಕೆ ಕರೆದೊಯ್ದಳು. ಪ್ಲಾಸ್ಟಿಕ್ ಕುರ್ಚಿಗಳು, ನೆಲದ ತುಂಬ ಜನರ ಕಾಲಿಗಂಟಿ ಬಂದ ಮರಳು. ಗೋಡೆಯ ಸ್ಲೇಟಿನಲ್ಲಿ ಬಂಗುಡೆ, ಕಾಣೆ ಮೀನುಗಳ ಹೆಸರಿನ ಕೆಳಗೆ "ಶನಿವಾರ ಸಂಜೆ ಹಾಡು ಉಂಟು" ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಅದೊಂದು ಬಾರ್ ಎಂದು ನನಗೆ ತಿಳಿಯುವಷ್ಟರಲ್ಲಿ ದುಡ್ಡಿನ ಗಲ್ಲೆಯಲ್ಲಿ ಕೂತಿದ್ದವರು ಎದ್ದು ಬಂದರು. "ಡೀಸೆಲ್ ಮುಗಿದ ಕೂಸು ಅಲ್ವಾ ನೀನು?"

ಬಾರು ಅವರ ಮಾವನದು. ಮಾವ ತೀರಿಕೊಂಡ ಮೇಲೆ ನಡೆಸುವವರಿಲ್ಲದೆ ಇವರ ತಲೆಗೆ ಬಂದಿತ್ತು. ತಾವು ಮಾತ್ರ ಒಂದು ಹನಿ ಮುಟ್ಟುತ್ತಿರಲಿಲ್ಲ. ಯಾರಾದರೂ ಒತ್ತಾಯಿಸಿದರೆ, "ಡ್ಯೂಟಿಯಲ್ಲಿದ್ದೇನೆ ಮಾರಾಯ" ಎನ್ನುತ್ತಿದ್ದರು.

ಎರಡು ತಿಂಗಳು ನಾನು ಸುಮ್ಮನೆ ಕೂತು ಕೇಳಿದೆ. ಬ್ಯಾಂಡ್‌ಸೆಟ್ಟಿನಿಂದ ನಿವೃತ್ತರಾದ ಹಿರಿಯರೊಬ್ಬರು ಕೀಬೋರ್ಡು ನುಡಿಸುತ್ತಿದ್ದರು. ದೋಣಿಯವರು, ಆಟೋದವರು ಬಂದು ಹಾಡುತ್ತಿದ್ದರು. ಒಂದು ಶನಿವಾರ ನಾನೂ ಮೈಕಿನ ಮುಂದೆ ನಿಂತೆ. ಮೂಲೆಯಿಂದ ಒಬ್ಬ ಶಿಳ್ಳೆ ಹೊಡೆದ. ಡ್ರೈವರಣ್ಣ ಹೋಗಿ ಅವನ ಗ್ಲಾಸನ್ನು ಎತ್ತಿಕೊಂಡರು. "ಹಾಡು ಮುಗಿದ್ಮೇಲೆ ಕೊಡ್ತೇನೆ. ಇದೆಲ್ಲಿಗೂ ಓಡಿ ಹೋಗುದಿಲ್ಲ." ಸಿಟ್ಟಿರಲಿಲ್ಲ, ದನಿಯೂ ಏರಲಿಲ್ಲ. ಆಮೇಲೆ ಅದೇ ಅಲ್ಲಿನ ರೂಢಿಯಾಯಿತು: ಯಾರೇ ಹಾಡಲಿ, ಮುಗಿಯುವ ತನಕ ಮೇಜಿನ ಮೇಲಿನ ಗ್ಲಾಸನ್ನು ಯಾರೂ ಎತ್ತುತ್ತಿರಲಿಲ್ಲ.

ನಾನು ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದ ವಿಡಿಯೋ ಕೊಪ್ಪದಲ್ಲಿ ಅಪ್ಪನಿಗೆ ತಲುಪಿತು. "ಶನಿವಾರ ಬತ್ತೆ" ಎಂದಷ್ಟೇ ಹೇಳಿ ಅವರು ಫೋನಿಟ್ಟರು. ಕೆಲಸ ಬಿಡಿಸಿ ಕರೆದೊಯ್ಯಲಿಕ್ಕೇ ಬರುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಓಡಿಹೋಗಿ ಡ್ರೈವರಣ್ಣನ ಮುಂದೆ ಅತ್ತುಬಿಟ್ಟೆ. "ಆ ಒಂದು ಸಲ ಬಿಟ್ಟರೆ ನಾನು ಇಲ್ಲಿ ಹಾಡುವುದೇ ಇಲ್ಲ ಅಂತ ಹೇಳಿಬಿಡಿ ಅಣ್ಣ."

"ಸುಳ್ಳು ಹೇಳಿ ಎಷ್ಟು ದಿನ ಹಾಡ್ತೀ? ಬರ್ಲಿ. ಕೂರಿಸ್ತೇನೆ."

ಅಪ್ಪ ಬಂದರು. ಬಾಗಿಲಲ್ಲೇ ನಿಂತು, "ಎಂತ ಜಾಗ ಇದು?" ಎಂದರು.

"ಬಾರ್ ಮಾರಾಯ್ರೆ. ಮುಚ್ಚಿಡೋಕೆ ಎಂತ ಉಂಟು?" ಡ್ರೈವರಣ್ಣ ತಮ್ಮ ಕುರ್ಚಿಯನ್ನೇ ತಂದು ಕಿಟಕಿಯ ಪಕ್ಕ ಹಾಕಿದರು. "ಮಗಳಿಗೆ ಬೈಯಲಿಕ್ಕೆ ಬಂದಿದ್ದೀರಿ, ಬೈಯಿರಿ. ಒಂದು ಹಾಡು ಕೇಳಿ ಬೈಯಿರಿ."

ನಾನು ಹೋಗಿ ಮೈಕು ಹಿಡಿದೆ. ಅಪ್ಪ ನನ್ನನ್ನು ನೋಡಲೇ ಇಲ್ಲ, ಮೇಜುಗಳನ್ನು ನೋಡುತ್ತಿದ್ದರು. ಮೀನು ಹಿಡಿದು ದಣಿದು ಬಂದ ಗಂಡಸರು ಕೈಕಟ್ಟಿ ಕೂತಿದ್ದರು. ಒಬ್ಬನೂ ಗ್ಲಾಸು ಎತ್ತಲಿಲ್ಲ. ಒಂದು ಹಾಡಿಗೆಂದು ಕೂತ ಅಪ್ಪ ಮೂರು ಹಾಡು ಕೇಳಿದರು.

ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಅಪ್ಪ ಹೇಳಿದ್ದಿಷ್ಟೇ: "ಜಾಗ ನಂಗೆ ಸರಿ ಕಾಣ್ಲಿಲ್ಲ. ಮನುಷ್ಯ ಸರಿ ಇದ್ದಾನೆ." ಮನೆಗೆ ಹೋಗಿ ಅಮ್ಮನಿಗೆ, ಮಗಳು ಹೋಟೆಲಿನಲ್ಲಿ ಹಾಡುತ್ತಾಳೆ ಎಂದರಂತೆ. ಮತ್ತೆ ಅವರು ಆ ಕಡೆ ಬರಲಿಲ್ಲ, ನನಗೆ ಬೇಡವೆಂದೂ ಹೇಳಲಿಲ್ಲ.

ಕೊನೆಕೊನೆಗೆ ಡ್ರೈವರಣ್ಣನ ಕಿವಿ ಮಂದವಾಯಿತು. ಹಾಡು ಶುರುವಾದರೆ ಸ್ಪೀಕರ್ ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿ, ಅಂಗೈ ಅದರ ಮೇಲಿಟ್ಟು ಕೂರುತ್ತಿದ್ದರು. "ಕೇಳುದಿಲ್ಲ. ಆದ್ರೆ ನೀನು ಯಾವಾಗ ಹೆದರ್ತೀ ಅಂತ ಗೊತ್ತಾಗ್ತದೆ."

ಹೋದ ವರ್ಷ, ಮಳೆಗಾಲಕ್ಕೆ ದೋಣಿಗಳು ದಡಕ್ಕೇರಿದ್ದ ತಿಂಗಳಲ್ಲಿ, ಹೃದಯಾಘಾತವಾಗಿ ಹೋಗಿಬಿಟ್ಟರು. ನಾನಾಗ ರಜೆಯಲ್ಲಿ ಕೊಪ್ಪದಲ್ಲಿದ್ದೆ. ಸುದ್ದಿ ಹೇಳಿದಾಗ ಅಪ್ಪ ಅಂಗಿ ಹಾಕಿಕೊಂಡು ಕೊಡೆ ತೆಗೆದುಕೊಂಡರು. "ನಡಿ, ನಾನೂ ಬತ್ತೆ."

ಸಂಸ್ಕಾರ ಮುಗಿಸಿ ಬಂದವರೆಲ್ಲ ಬಾರಿನಲ್ಲೇ ಕೂತರು. ಡ್ರೈವರಣ್ಣನ ಹೆಂಡತಿ ನನ್ನ ಕೈ ಹಿಡಿದು, "ಒಂದು ಹಾಡು ಮಗಾ" ಎಂದರು. ನನ್ನಿಂದಾಗದು ಎಂದೆ. ಅಪ್ಪ ಎದ್ದು ಹೋಗಿ, ಹೇಗೆ ಹಿಡಿಯುವುದೆಂದು ತಿಳಿಯದೆ, ಮೈಕನ್ನು ಎರಡೂ ಕೈಯಲ್ಲಿ ತಂದು ನನ್ನ ಮುಂದೆ ಹಿಡಿದರು.

"ಹಾಡು ಕೂಸೇ. ನನ್ನ ಕೂರಿಸಿ ಕೇಳಿಸಿದ ಮನುಷ್ಯ ಅದು."

ಹಾಡಿದೆ. ನಡುವೆ ದನಿ ಒಡೆದು ನಿಂತುಹೋಯಿತು. ಕೀಬೋರ್ಡಿನ ಹಿರಿಯರು ಒಂದೇ ಸ್ವರವನ್ನು ಒತ್ತಿ ಹಿಡಿದು, ನಾನು ಮರಳಿ ಬರುವ ತನಕ ಕಾದರು.