ಇಟ್ಟಿಗೆ ಚೀಲ

ಶಿರಗುಪ್ಪಿಯ ಭಾವುಸಾಹೇಬ ಜೀವಮಾನದಲ್ಲಿ ಹೊತ್ತ ಅತಿ ದೊಡ್ಡ ಭಾರವೆಂದರೆ ತಲೆಯ ಮೇಲಿನ ರುಮಾಲು. ಹದಿನೆಂಟು ಎಕರೆ ಕಬ್ಬು ಅಪ್ಪ ಬಿಟ್ಟುಹೋದದ್ದು, ಅದನ್ನು ಬೆಳೆದವರು ಆಳುಗಳು, ಮನೆ ನಡೆಸಿದವಳು ಹೆಂಡತಿ ಚಂದ್ರಮತಿ. ಇವನ ಪಾಲಿಗೆ ಉಳಿದದ್ದು ಕಟ್ಟೆಯ ಮೇಲೆ ಕೂತು ಮೀಸೆ ತಿರುವುವ ಕೆಲಸ. ಅದನ್ನು ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ. ಇಪ್ಪತ್ತು ವರ್ಷ ಅವನ ಎಂಜಲು ತಾಟು ಎತ್ತಿದ ಚಂದ್ರಮತಿಗೆ ಗಂಡ ಎಂಥವನೆಂದು ಚೆನ್ನಾಗಿ ಗೊತ್ತಿತ್ತು. ಕಾಳಿಲ್ಲದ ತೆನೆಯೇ ಹೊಲದಲ್ಲಿ ನೆಟ್ಟಗೆ ನಿಲ್ಲುತ್ತದೆ.

೧೯೮೭ರ ಹಂಗಾಮಿನಲ್ಲಿ ಮೊದಲ ಕಬ್ಬಿನ ಟ್ರ್ಯಾಲಿಗೆ ಪೂಜೆ ನಡೆದಿತ್ತು. ಕೆಳಗೆ ನಿಂತು ಕಾಯಿ ಒಡೆದರೆ ಸಾಕಿತ್ತು. ಆದರೆ ಫೋಟೋದವನು ಬಂದಿದ್ದ, ಎರಡು ತಿಂಗಳಲ್ಲಿ ಅವನು ನಿಲ್ಲಲಿದ್ದ ಊರ ಸೊಸೈಟಿಯ ಚುನಾವಣೆಯೂ ಇತ್ತು. ಭಾವುಸಾಹೇಬ ಹೊಸ ಚಪ್ಪಲಿ ಮೆಟ್ಟಿಕೊಂಡೇ ಕಬ್ಬಿನ ಹೇರಿನ ತುದಿಗೆ ಹತ್ತಿದ, ಹಾರಕ್ಕೆ ಕುತ್ತಿಗೆ ಚಾಚಿದ, ಜಾರಿದ. ತೊಡೆಯ ಎಲುಬು ಎರಡು ತುಂಡಾಯಿತು.

ಅಥಣಿಯ ಎಲುಬಿನ ಡಾಕ್ಟರು ಮೊಣಕಾಲ ಕೆಳಗೆ ಉಕ್ಕಿನ ಸರಳು ದಾಟಿಸಿ, ಅದಕ್ಕೆ ಹಗ್ಗ ಕಟ್ಟಿ, ಮಂಚದ ತುದಿಯ ರಾಟೆಯಿಂದ ಹತ್ತು ಕಿಲೋ ಇಟ್ಟಿಗೆಯ ಚೀಲ ಇಳಿಬಿಟ್ಟರು. “ಆರು ವಾರ ಈ ಚೀಲ ಹಿಂಗ ಜೋತಾಡಬೇಕ್ರಿ. ತೊಡಿ ಮಾಂಸ ಎಲುಬನ್ನ ಮ್ಯಾಲೆ ಜಗ್ಗತೈತಿ, ಇದು ಕೆಳಗ ಜಗ್ಗತೈತಿ. ಚೀಲ ತಗದ್ರ ಕಾಲು ಗಿಡ್ಡ ಆಗತೈತಿ,” ಎಂದು ಬಿಡಿಸಿ ಹೇಳಿದರು.

ಮೂರನೆಯ ದಿನದಿಂದ ಜನ ಟೆಂಪೋ ಮಾಡಿಕೊಂಡು ಮಾತಾಡಿಸಲು ಬರತೊಡಗಿದರು. ಮತ ಹಾಕುವವರ ಎದುರು ಕಾಲಿಗೆ ಇಟ್ಟಿಗೆ ಕಟ್ಟಿಸಿಕೊಂಡು ಅಂಗಾತ ಬಿದ್ದಿರುವುದು ಭಾವುಸಾಹೇಬನಿಗೆ ಮರ್ಯಾದೆಯ ಪ್ರಶ್ನೆಯಾಯಿತು.

“ತುಕಾರಾಮ, ಆ ಚೀಲ ಸ್ಟೂಲ್ ಮ್ಯಾಲೆ ಇಡೋ. ನನ್ನ ರುಮಾಲ ತಾ,” ಎನ್ನುತ್ತಿದ್ದ.

ಜೊತೆಗಿದ್ದ ಆಳು ತುಕಾರಾಮ ಎರಡೂ ಕೈ ಹಚ್ಚಿ ಎತ್ತಿಡುತ್ತಿದ್ದ. ಸಾಹುಕಾರ ದಿಂಬಿಗೊರಗಿ, ಕಾಲಿನ ಮೇಲೆ ಚಾದರ ಎಳೆದುಕೊಂಡು, ಒಳಗೆ ಎಲುಬು ಕಿರುಗುಟ್ಟಿದರೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದ. ಡಾಕ್ಟರು ಬರುವ ಹೊತ್ತಿಗೆ ಚೀಲ ಮತ್ತೆ ತೂಗುತ್ತಿತ್ತು.

“ಚೀಲ ಮುಟ್ಟಬ್ಯಾಡ್ರಿ ಅಂತ ಡಾಕ್ಟರ್ ಹೇಳ್ಯಾರ,” ಎಂದಳು ಚಂದ್ರಮತಿ.

“ಎಲುಬಿನ ಸುದ್ದಿ ನಿನಗೇನ ತಿಳಿತೈತಿ?”

ತಿಳಿಯದೇನು? ಆರು ವರ್ಷದ ಹಿಂದೆ ಒಗೆಯುವ ಕಲ್ಲಿನ ಹತ್ತಿರ ಬಿದ್ದು ಅವಳ ಬಲ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಗೆ ಕರೆದೊಯ್ಯಿರೆಂದು ಅತ್ತಿದ್ದಳು. “ಇಷ್ಟಕ್ಕ ಎಂಥಾ ಆಸ್ಪತ್ರಿ? ನಾಳೆ ಬೀಗರು ಊಟಕ್ಕ ಬರತಾರ,” ಎಂದು ಆತನೇ ಎರಡು ಬಿದಿರು ದಬ್ಬೆ ಇಟ್ಟು ಹಳೆಯ ಧೋತರದ ಚೂರು ಸುತ್ತಿದ್ದ. ಕೈ ಬೋರಲು ಹಾಕಿದ ಚಮಚದಂತೆ ಬಾಗಿ ಕೂಡಿಕೊಂಡಿತು. ಅಂದಿನಿಂದ ಆ ಕೈಯಲ್ಲಿ ತುಂಬಿದ ತಂಬಿಗೆಯೂ ನಿಲ್ಲುತ್ತಿರಲಿಲ್ಲ. ಎಡಗೈಗೆ ರೊಟ್ಟಿ ಬಡಿಯುವುದನ್ನು ಕಲಿಸಿದಳು. ರೊಟ್ಟಿ ದಪ್ಪವಾದವೆಂದು ಭಾವುಸಾಹೇಬ ಮುಖ ಕಿವುಚಿದ.

ಆದರೂ ಎರಡು ಸಲ ಹೇಳಿ ನೋಡಿದಳು. ಇವನು ಕುಂಟನಾದರೆ ಹೊರುವವಳು ತಾನೇ ಅಲ್ಲವೇ? ಮೂರನೆಯ ಸಲ ಡಾಕ್ಟರಿಗೆ ಹೇಳಿಬಿಡಲೆಂದು ಬಾಗಿಲತನಕ ಹೋದಳು.

“ಚಾಡಿ ಹೇಳಿದ್ರ ತವರಿಗೆ ಕಳಸ್ತೀನಿ, ನೋಡ,” ಎಂದ ಆತ.

ಕೋಣನ ಮುಂದೆ ಕಿನ್ನರಿ ಎಷ್ಟೆಂದು ಬಾರಿಸುವುದು? ಚಂದ್ರಮತಿ ಹಿಂದಿರುಗಿ ಬಂದು, ಹೊತ್ತು ಮುಳುಗುವ ಮೊದಲೇ ಅವನಿಗೆ ಉಣಿಸಿ, ಮೂಲೆಯಲ್ಲಿ ಕೂತಳು. ಅವನ ಮುಖ ನೋಡಲೂ ಹೇಸಿಗೆಯಾಗುತ್ತಿತ್ತು.

ಆರು ವಾರ ಕಳೆಯಿತು. ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು. ಎಲುಬಿನ ತುಂಡುಗಳು ಒಂದರ ಪಕ್ಕ ಒಂದು ಏರಿ ಅಂಟಿಕೊಂಡಿದ್ದವು. ಕಾಲು ಎರಡು ಬೆರಳಷ್ಟು ಗಿಡ್ಡವಾಗಿತ್ತು.

“ಚೀಲ ಯಾರ ಎತ್ತಿದ್ರು?”

ಭಾವುಸಾಹೇಬ ತುಕಾರಾಮನ ಮುಖ ನೋಡಿದ. ತುಕಾರಾಮನ ಮನೆಯಲ್ಲಿ ಸೊಸೈಟಿಯ ಏಳು ಮತಗಳಿದ್ದವು.

“ನಮ್ಮ ಮನಿಯಾಕಿರಿ,” ಎಂದ. “ಹೆಂಗಸು, ತಿಳುವಳಿಕಿ ಕಡಿಮಿ. ನಾ ಮಲಗಿದಾಗ ಎತ್ತಿಟ್ಟಿರಬೇಕು.”

ಡಾಕ್ಟರು ತಿರುಗಿ ನೋಡಿದರು. ಚಂದ್ರಮತಿ ಸೆರಗಿನೊಳಗಿಂದ ಬಲಗೈ ತೆಗೆದು ಅವರ ಮುಂದೆ ಚಾಚಿದಳು.

“ಈ ಕೈಲೆ ಆ ಚೀಲ ಎತ್ತಾಕ ಬರತೈತೇನ, ನೀವ ನೋಡ್ರಿ.”

ಡಾಕ್ಟರು ಮಣಿಕಟ್ಟನ್ನು ಮೆಲ್ಲಗೆ ಹೊರಳಿಸಿದರು. “ಇದನ್ನ ಯಾರ ಕಟ್ಟಿದ್ರವ್ವಾ?”

“ಕಟ್ಟಿದವರು ಇಲ್ಲೇ ಮಲಗ್ಯಾರ್ರಿ.”

ತುಕಾರಾಮ ಸ್ಟೂಲನ್ನು ಕಾಲಿನಿಂದಲೇ ಮಂಚದ ಕೆಳಗೆ ಸರಿಸಿದ. ಡಾಕ್ಟರು ಅವಳ ಕೈ ಬಿಟ್ಟು, ಕೂಡಿದ ಎಲುಬನ್ನು ಮತ್ತೆ ಮುರಿದು ಪ್ಲೇಟು ಹಾಕಿ ಸ್ಕ್ರೂ ಬಿಗಿಯಬೇಕು, ಇಲ್ಲವಾದರೆ ಸಾಯುವತನಕ ಕುಂಟು ಎಂದರು. ಅದಕ್ಕೆ ಮನೆಯವರ ಸಹಿ ಬೇಕಿತ್ತು. “ಮಾಡ್ರಿ, ಮಾಡ್ರಿ,” ಎಂದು ಭಾವುಸಾಹೇಬ ಒಪ್ಪಿದನೇನೋ ನಿಜ, ಆದರೆ ಮೀಸೆಯ ಮೇಲೆ ಬೆವರು ಇಳಿಯುತ್ತಿತ್ತು.

“ಭಾಳ ನೋವಾಗತೈತೇನ?” ಎಂದು ಹೆಂಡತಿಯನ್ನು ಕೇಳಿದ. ಎಲುಬಿನ ಸುದ್ದಿ ಅವಳಿಗೆ ತಿಳಿದೀತೆಂದು ಅವನಿಗೆ ಅನ್ನಿಸಿದ್ದು ಅದೇ ಮೊದಲು.

ಚಂದ್ರಮತಿ ಎಡಗೈಯಲ್ಲಿ ಪೆನ್ನು ಹಿಡಿದು ನಿಧಾನವಾಗಿ ಸಹಿ ಹಾಕಿದಳು. ಕಾಗದವನ್ನು ಡಾಕ್ಟರಿಗೆ ಕೊಟ್ಟು, “ಮುರೀರಿ,” ಎಂದಳು.