ಮೂಸಿದ ದವನ

ಆ ಬೆಳಿಗ್ಗೆ ನಾನು ದವನ ಮೂಸಿದ್ದು ನಿಜ. ಅದರಿಂದ ಕೈನಡುಕ ನಿಂತಿತೋ, ನಿಂತಿತೆಂದು ಆಮೇಲೆ ನಾನೇ ನಂಬಿಕೊಂಡೆನೋ, ಹೇಳಲಾರೆ. ಕಿವಿಯಲ್ಲಿ ಉಳಿದಿರುವುದು ಹಿಂದಿನಿಂದ ಬಂದ ಕೂಗು ಮಾತ್ರ: “ಅಯ್ಯೋ, ದೇವ್ರ ದವನ ಮೂಸ್ಬಿಟ್ಯಾ!”

ಧಾರವಾಡ ಬಿಟ್ಟು ರಸಾಯನಶಾಸ್ತ್ರ ಓದಲು ಬೆಂಗಳೂರಿಗೆ ಬಂದದ್ದು ಯುದ್ಧದ ಕಾಲದಲ್ಲಿ. ಪೇಟೆಯಲ್ಲಿ ಕೋಣೆ ಸಿಗದೆ ದೊಡ್ಡಬಳ್ಳಾಪುರದ ಮುನಿಯಮ್ಮ ಎಂಬ ರೈತಾಪಿ ಹೆಂಗಸಿನ ಮನೆಯಲ್ಲಿ ಉಳಿದು, ಸಿಪಾಯಿಗಳು ಕಿಕ್ಕಿರಿದ ರೈಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಇಲ್ಲಿಯದೂ ಕನ್ನಡವೇ, ಆದರೂ ನಾನು ಬಾಯಿ ತೆರೆದರೆ ಅಂಗಡಿಯವರು “ಯಾವೂರಪ್ಪಾ?” ಎನ್ನುತ್ತಿದ್ದರು. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೇ ಹಸಿವಾಗುತ್ತಿತ್ತು. ಇಲ್ಲಿ ರಾಗಿಮುದ್ದೆ ಸದ್ದಿಲ್ಲದೆ ತಟ್ಟೆಗೆ ಬೀಳುತ್ತಿತ್ತು. ಮೊದಲ ದಿನ ಅಗಿದೆ.

“ಲೋ ಮಗಾ, ಮುದ್ದೆ ಯಾರಾದ್ರೂ ಅಗೀತಾರಾ? ನುಂಗು!” ಎಂದರು ಮುನಿಯಮ್ಮ. ಅವರ ಸೊಸೆ ಗೌರಮ್ಮ ಬಾಯಿಗೆ ಸೆರಗೊತ್ತಿ ನಕ್ಕಳು.

ಹಿಂದಿನ ವರ್ಷ ಪ್ರಯೋಗ ಪರೀಕ್ಷೆಯಲ್ಲಿ ಕೈ ನಡುಗಿ, ಆಮ್ಲ ಚೆಲ್ಲಿ, ನಪಾಸಾಗಿದ್ದೆ. ಈ ಸಲವೂ ಹಾಗಾದರೆ ಓದು ಬಿಟ್ಟು ಬಾ ಎಂದಿದ್ದರು ಅಪ್ಪ. ದಿನ ಹತ್ತಿರವಾದಂತೆ ಊಟ ಸೇರಲಿಲ್ಲ. ಮಜ್ಜಿಗೆಯ ಲೋಟವೂ ಕೈಯಲ್ಲಿ ನಿಲ್ಲಲಿಲ್ಲ.

“ದವನ ಮೂಸು, ಎದೆ ಹಗುರಾಗ್ತದೆ,” ಎಂದರು ಮುನಿಯಮ್ಮ.

“ವಾಸನಿಗೆ ನಡುಕ ನಿಲ್ಲೂದಿಲ್ರಿ.”

“ಓದ್ದೋನು ನೀನು. ನಡುಗ್ತಾನೇ ಇರು ಹಂಗಾರೆ!”

ಪರೀಕ್ಷೆಯ ಬೆಳಿಗ್ಗೆ ಹೊರಡುವಾಗ ದೇವರ ಗೂಡಿನ ಮುಂದೆ ಹಿತ್ತಾಳೆ ತಟ್ಟೆಯಲ್ಲಿ ಒಂದು ಹಿಡಿ ಹಸಿ ದವನ ಇತ್ತು. ಯಾರೂ ಇರಲಿಲ್ಲ, ಅಥವಾ ಇಲ್ಲವೆಂದುಕೊಂಡೆ. ಎತ್ತಿ ಮೂಗಿಗೆ ಹಿಡಿದೆ. ಹಿಂದಿನಿಂದ ಮುನಿಯಮ್ಮನ ಕೂಗು ಬಂತು. ಮೂಸಿದ್ದು ದೇವರಿಗೆ ಏರದು ಎಂಬುದು ನಮ್ಮ ಕಡೆಯೂ ಇದೆ. ತಲೆ ತಗ್ಗಿಸಿ ನಿಂತೆ.

“ಇನ್ನು ದೇವ್ರಿಗೆ ಆಗಾಕಿಲ್ಲ. ನೀನೇ ತಗೊಂಡೋಗು. ರೈಲು ನಿನ್ನ ಕಾಯ್ತದಾ?” ಎಂದು ಬೈಯುತ್ತಲೇ ಅದನ್ನು ನನ್ನ ಜೇಬಿಗೆ ತುರುಕಿದರು.

ಪ್ರಯೋಗಶಾಲೆಯ ಘಾಟಿನ ನಡುವೆ ಅಂಗಿಯಿಂದ ದವನದ ಕಂಪು ಏಳುತ್ತಿತ್ತು. ಗಾಜಿನ ನಳಿಕೆಯಿಂದ ದ್ರಾವಣ ಹನಿಹನಿಯಾಗಿ ಇಳಿಯಿತು. ಬಣ್ಣ ತಿರುಗಿದ ಹನಿಗೇ, ನಿಲ್ಲಿಸಬೇಕಾದಲ್ಲೇ, ಕೈ ನಿಂತಿತು. ಪಾಸಾದೆ. ಪರಿಮಳವೋ, ಬೈಗುಳಕ್ಕೆ ಪರೀಕ್ಷೆಯ ಭಯ ಮರೆತುಹೋಯಿತೋ? ಒಮ್ಮೆ ಮಾತ್ರ ನಡೆದದ್ದನ್ನು ಪ್ರಯೋಗ ಎನ್ನಲಾಗದು.

ಈಗ ಇಲ್ಲಿಯೇ ಮೇಷ್ಟ್ರು. ಧಾರವಾಡಕ್ಕೆ ಹೋಗಿ “ಬರ್ತೀನಿ” ಎಂದರೆ ಅವ್ವ ನಗುತ್ತಾಳೆ. ಇಲ್ಲಿ “ಬರ್ತೇನ್ರಿ” ಎಂದರೆ ಹುಡುಗರು ನಗುತ್ತಾರೆ. ಎರಡೂ ಕಡೆ ನಾನು ಹೊರಗಿನಿಂದ ಬಂದವನೇ.

ಮುನಿಯಮ್ಮ ಈಗಿಲ್ಲ. ಮೊನ್ನೆ ಗೌರಮ್ಮನನ್ನು ಕೇಳಿ ಒಂದನ್ನು ಖಚಿತ ಮಾಡಿಕೊಂಡೆ. ಆ ದಿನ ದೇವರ ಪೂಜೆ ನಾನು ಏಳುವ ಮೊದಲೇ ಮುಗಿದಿತ್ತು. ತಟ್ಟೆಯ ದವನವನ್ನು ಅತ್ತೆ ಆಮೇಲೆ, ನಾನು ಹೊರಡುವ ಹೊತ್ತಿಗೆ, ಕಿತ್ತು ತಂದಿಟ್ಟಿದ್ದರು.